ಉಪ್ಪಾಗೆ ಕ್ಯಾಪ್ಸೂಲ್ ತಗೊಂಡ್ರೆ ಹೊಟ್ಟೆಯ ಬೊಜ್ಜು ಕರಗುತ್ತಾ?

ನೀವು ಕೇಳಿದ್ದು ಇಷ್ಟು: ಶಿವಮೊಗ್ಗದ ಜಿಮ್‌ನಲ್ಲಿ ಗಾರ್ಸೀನಿಯಾ ಕ್ಯಾಪ್ಸೂಲ್ ತಗೊಳ್ಳಿ ಅಂದಿದ್ದಾರೆ. ಅದು ನಮ್ಮ ಮಲೆನಾಡಿನ ಹುಳಿ ಹಣ್ಣು ಉಪ್ಪಾಗೆಯೇ ಅಂತೆ. ಹಾಗಾದ್ರೆ ತೊಂದರೆ ಇಲ್ಲ ಅಲ್ವಾ, ಬೊಜ್ಜು ಕರಗುತ್ತಾ ಅಂತ. ನಾನು ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಈ ಪ್ರಶ್ನೆ ನಮ್ಮಲ್ಲೂ ಬರುತ್ತಲೇ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಅದಕ್ಕೆ ದುಡ್ಡು ಹಾಕಬೇಡಿ.

ಉಪ್ಪಾಗೆ ಅನ್ನೋದು ನಿಜ. ಮಳೆಗಾಲದಲ್ಲಿ ಕಾಡಿಂದ ಹಣ್ಣು ಆರಿಸಿ ತಂದು, ಬೀಜ ತೆಗೆದು, ಸಿಪ್ಪೆಯನ್ನು ಒಲೆಯ ಮೇಲೆ ಹರಡಿ ಒಣಗಿಸುತ್ತಾರೆ. ಬಿಸಿಲಿಲ್ಲದ ಕಾಲ, ಬೆಂಕಿಯೇ ಗತಿ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಕಪ್ಪಾಗಿ ಮುದುಡಿದ ಸಿಪ್ಪೆ ಮೀನು ಸಾರಿಗೂ ಹೋಗುತ್ತದೆ, ವ್ಯಾಪಾರಿಗಳ ಕೈಗೂ ಹೋಗುತ್ತದೆ. ಕಂಪನಿಗಳಿಗೆ ಬೇಕಾಗಿರುವುದು ಅದರ ಹುಳಿ, ಅಂದರೆ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಡಬ್ಬಿ ಮೇಲೆ ಎಚ್‌ಸಿಎ ಅಂತ ಬರೆದಿರುತ್ತಾರೆ. ನಮ್ಮ ಮುರುಗಲ ಹಣ್ಣಿನಲ್ಲೂ ಇದು ಇದೆ.

ಅನ್ನ, ಸಕ್ಕರೆ ಜಾಸ್ತಿಯಾದಾಗ ದೇಹ ಅದರಲ್ಲಿ ಒಂದಿಷ್ಟನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಆ ಕೆಲಸಕ್ಕೆ ಎಟಿಪಿ ಸಿಟ್ರೇಟ್ ಲಯೇಸ್ ಅನ್ನುವ ಕಿಣ್ವ ಬೇಕು. ಎಚ್‌ಸಿಎ ಅದನ್ನು ತಡೆಯುತ್ತದೆ. ಇದು ಸುಳ್ಳಲ್ಲ. ಇಲಿಗಳಲ್ಲಿ ತೂಕ ಇಳಿದಿದ್ದೂ ಸುಳ್ಳಲ್ಲ. ಆದರೆ ಇಲಿಯ ಮೈ ಬೇರೆ, ನಮ್ಮ ಮೈ ಬೇರೆ. ನಮ್ಮ ಬೊಜ್ಜು ಮುಖ್ಯವಾಗಿ ತುಂಬುವುದು ತಿಂದ ಎಣ್ಣೆ, ತುಪ್ಪ, ಕರಿದ ತಿಂಡಿಗಳ ಕೊಬ್ಬಿನಿಂದಲೇ. ಅನ್ನ ಜಾಸ್ತಿ ಉಂಡರೆ ದೇಹ ಮೊದಲು ಅನ್ನವನ್ನೇ ಖರ್ಚು ಮಾಡುತ್ತದೆ, ಕೊಬ್ಬು ಖರ್ಚಾಗದೆ ಹಾಗೇ ಕೂರುತ್ತದೆ. ಅನ್ನದಿಂದಲೇ ಹೊಸದಾಗಿ ತಯಾರಾಗುವ ಕೊಬ್ಬು ನಮ್ಮ ಮಾಮೂಲಿ ಊಟದಲ್ಲಿ ಬಹಳ ಕಮ್ಮಿ. ಆ ಕಿಣ್ವವನ್ನು ತಡೆದು ಬೊಜ್ಜು ಇಳಿಸ್ತೀವಿ ಅನ್ನೋದು, ಒಂದು ಸಣ್ಣ ಹಳ್ಳಕ್ಕೆ ಒಡ್ಡು ಕಟ್ಟಿ ತುಂಗೆ ಬತ್ತಲಿ ಅಂತ ಕಾದ ಹಾಗೆ.

ಜನರ ಮೇಲೂ ಪರೀಕ್ಷೆ ಆಗಿದೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂದ ಅಧ್ಯಯನದಲ್ಲಿ 135 ಜನ ಇದ್ದರು. ಎಲ್ಲರಿಗೂ ಕ್ಯಾಲೊರಿ ಕಮ್ಮಿ ಇರುವ ಊಟ. ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಉಳಿದವರಿಗೆ ಏನೂ ಇಲ್ಲದ ಹುಸಿ ಮಾತ್ರೆ. 12 ವಾರ ಕಳೆದ ಮೇಲೆ ಹುಸಿ ಮಾತ್ರೆಯವರು ಸರಾಸರಿ 4.1 ಕೆಜಿ ಇಳಿದಿದ್ದರು, ಎಚ್‌ಸಿಎ ತಗೊಂಡವರು 3.2 ಕೆಜಿ. ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇಲ್ಲ ಅಂತಲೇ ತೀರ್ಮಾನವಾಯಿತು. ತೂಕ ಇಳಿಸಿದ್ದು ಊಟ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ಬೊಜ್ಜು ಅಂದರೆ ಸುಮ್ನೆ ಬಿದ್ದಿರುವ ಜಿಡ್ಡಲ್ಲ, ಅದೂ ಒಂದು ಅಂಗ. ಮೆದುಳಿಗೆ ಸುದ್ದಿ ಕಳಿಸುತ್ತದೆ. ಕೊಬ್ಬು ಸಾಕಷ್ಟಿದೆ ಅಂತ ಹೇಳಿ ಹಸಿವು ತಗ್ಗಿಸುವ, 1994ರಲ್ಲಿ ಗೊತ್ತಾದ ಲೆಪ್ಟಿನ್ ಅನ್ನುವ ಹಾರ್ಮೋನ್ ಅಲ್ಲಿಂದಲೇ ಬರುವುದು. ದೊಡ್ಡವರಾದ ಮೇಲೆ ಕೊಬ್ಬಿನ ಜೀವಕೋಶಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ ಅಂತ 2008ರ ಸಂಶೋಧನೆಯೊಂದು ತೋರಿಸಿತು. ವರ್ಷಕ್ಕೆ ಶೇ. 10ರಷ್ಟು ಸಾಯುತ್ತವೆ, ಅಷ್ಟೇ ಹೊಸದು ಹುಟ್ಟುತ್ತವೆ. ದಪ್ಪಗಾದಾಗ ಆ ಕೋಶಗಳು ಊದಿಕೊಳ್ಳುತ್ತವೆ. ತೀರಾ ಊದಿದರೆ ಅಲ್ಲಿ ಒಂಥರಾ ಉರಿಯೂತ ಶುರುವಾಗುತ್ತದೆ, ಇನ್ಸುಲಿನ್ ಮಾತು ನಡೆಯುವುದಿಲ್ಲ, ಸಕ್ಕರೆ ಕಾಯಿಲೆಗೆ ದಾರಿ. ತೂಕ ಇಳಿದಾಗ ಕೋಶ ಮಾಯವಾಗುವುದಿಲ್ಲ, ಸಣ್ಣದಾಗುತ್ತದೆ. ಆಗ ಲೆಪ್ಟಿನ್ ಕಮ್ಮಿಯಾಗಿ ಹಸಿವು ಜಾಸ್ತಿಯಾಗುತ್ತದೆ. ಇಳಿದ ತೂಕ ಮತ್ತೆ ಏರುವುದಕ್ಕೆ ಇದೊಂದು ದೊಡ್ಡ ಕಾರಣ. ಅದಕ್ಕೇ ದಪ್ಪಗಿರುವವರನ್ನು ಬಾಯಿಚಪಲ ಅಂತ ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಡಬ್ಬಿಯಲ್ಲಿ ಸಿಎಲ್‌ಎ, ಗ್ರೀನ್ ಟೀ ಸಾರ ಅಂತಲೂ ಇರಬಹುದು. ಸಿಎಲ್‌ಎ ಅಂದರೆ ಒಂದು ಬಗೆಯ ಕೊಬ್ಬಿನ ಆಮ್ಲ. ಅದರ ಪರಿಣಾಮ ಇಲಿಗಳಲ್ಲಿ ಜೋರು, ಮನುಷ್ಯರಲ್ಲಿ ತೀರಾ ಅಲ್ಪ. ಗ್ರೀನ್ ಟೀ ಕುಡಿಯಿರಿ, ಏನೂ ಆಗಲ್ಲ. ಆದರೆ ಅದರ ಸಾರವನ್ನು ಗಟ್ಟಿ ಮಾಡಿದ ಕ್ಯಾಪ್ಸೂಲ್ ಬೇರೆ. ಅದರಲ್ಲಿರುವ ಇಜಿಸಿಜಿ ಅನ್ನುವ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟು ಬೀಳಬಹುದು ಅಂತ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ. ಗಾರ್ಸೀನಿಯಾ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಟ್ಟವರ ವರದಿಗಳೂ ಇವೆ. ಎಲ್ಲರಿಗೂ ಆಗುತ್ತದೆ ಅಂತಲ್ಲ, ಅಪರೂಪ. ಆದರೆ ಲಾಭವೇ ಇಲ್ಲದ್ದಕ್ಕೆ ಆ ಅಪಾಯ ಯಾಕೆ? ಸಾರಿಗೆ ಹಾಕುವ ಎರಡು ಚೂರು ಉಪ್ಪಾಗೆಗೆ ಹೆದರಬೇಡಿ, ಅದರ ಲೆಕ್ಕವೇ ಬೇರೆ. ನಮ್ಮ ಕಾಡಿನದು ಅನ್ನೋ ಕಾರಣಕ್ಕೆ ಕ್ಯಾಪ್ಸೂಲನ್ನೂ ನಂಬಬೇಡಿ.

ಡಬ್ಬಿ ಕೈಯಲ್ಲಿದ್ದರೆ ತಿರುಗಿಸಿ ಓದಿ. ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಅಂತ ಇರುತ್ತದೆ. ಔಷಧಿಯಾಗಿ ಬಳಸಲು ಅಲ್ಲ ಅಂತ ಅವರೇ ಬರೆಯಬೇಕೆಂದು ನಮ್ಮ ದೇಶದ ಆಹಾರ ನಿಯಮವೇ ಹೇಳುತ್ತದೆ.

ನಿಮ್ಮ ತೂಕದ ಶೇ. 5ರಷ್ಟು ಇಳಿದರೂ ಸಕ್ಕರೆ, ಬಿಪಿ ಎರಡೂ ಸುಧಾರಿಸುತ್ತವೆ. 90 ಕೆಜಿ ಇದ್ದವರಿಗೆ ಅದು ನಾಲ್ಕೂವರೆ ಕೆಜಿ. ಕ್ಯಾಪ್ಸೂಲಿನ ದುಡ್ಡಲ್ಲಿ ಮೊದಲು ಸಕ್ಕರೆ, ಥೈರಾಯ್ಡ್, ಲಿವರ್ ಟೆಸ್ಟ್ ಮಾಡಿಸಿ, ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಈಗಾಗಲೇ ತಗೊಳ್ತಾ ಇದ್ದರೆ ಇವತ್ತೇ ನಿಲ್ಲಿಸಿ. ಮೂತ್ರ ಕಡು ಬಣ್ಣಕ್ಕೆ ತಿರುಗಿದ್ದರೆ, ಕಣ್ಣು ಹಳದಿಯಾಗಿದ್ದರೆ, ಊಟ ಸೇರದೆ ವಾಕರಿಕೆ ಬರುತ್ತಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.