ಹೂಗಡ್ಡೆಗೆ ಕಾಯಬೇಡಿ, ಮೊಗ್ಗಿನಲ್ಲೇ ಕೊಯ್ಯಿರಿ

(ಕೈತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ)

ಪ್ರಶ್ನೆ: ಪೊಟ್ಟಣದ ಮೇಲೆ ‘ಇಟಲಿಯ ಚಿಗುರು ಬ್ರೊಕೋಲಿ ಸೊಪ್ಪು’ ಎಂದಿತ್ತು. ಬಿತ್ತಿ 45 ದಿನಗಳಾದವು. ಗಿಡಗಳು ಮೊಣಕಾಲೆತ್ತರ ಬೆಳೆದು ಹುಲುಸಾಗಿವೆ. ಆದರೆ ಹೂಗಡ್ಡೆ ಕಟ್ಟಲೇ ಇಲ್ಲ. ಎರಡು ಗಿಡಗಳ ತುದಿಯಲ್ಲಿ ಹಳದಿ ಹೂ ಅರಳಿದೆ. ಬೀಜವೇ ಕಳಪೆಯೇ? ಎಲ್ಲವನ್ನೂ ಕಿತ್ತುಬಿಡಲೇ?

ಉತ್ತರ: ದಯವಿಟ್ಟು ಕೀಳಬೇಡಿ. ಈ ಉತ್ತರ ಓದಿದ ಕೂಡಲೇ ಚಾಕು ಹಿಡಿದು ಪಾತಿಗೆ ಹೋಗಿ. ಬೀಜ ಚೆನ್ನಾಗಿಯೇ ಇದೆ, ಹೆಸರು ನಿಮ್ಮನ್ನು ದಾರಿ ತಪ್ಪಿಸಿದೆ.

ನೀವು ಬೆಳೆದಿರುವುದು ರಾಪಿನಿ ಇರಬೇಕು. ಇಟಲಿಯಲ್ಲಿ ಇದಕ್ಕೆ ‘ಚೀಮೆ ದಿ ರಾಪಾ’ ಎನ್ನುತ್ತಾರೆ, ಅಂದರೆ ಟರ್ನಿಪ್‌ನ ಕುಡಿಗಳು. ಆ ಹೆಸರೇ ಸರಿಯಾದದ್ದು. ಬ್ರೊಕೋಲಿ ಎಲೆಕೋಸು, ಹೂಕೋಸುಗಳ ಒಡಹುಟ್ಟು. ರಾಪಿನಿ ಟರ್ನಿಪ್‌ನ ಒಡಹುಟ್ಟು. ಎಷ್ಟು ಕಾದರೂ ಇದು ಹೂಗಡ್ಡೆ ಕಟ್ಟುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಆ ಎರಡು ಗಿಡಗಳ ಹೂಗೊಂಚಲನ್ನು ಪಕ್ಕದಿಂದ ನೋಡಿ. ಅರಳಿದ ಹೂಗಳು ಅರಳದ ಮೊಗ್ಗುಗಳಿಗೆ ಸಮನಾಗಿ ಅಥವಾ ಅವುಗಳಿಗಿಂತ ಮೇಲೆ ನಿಂತಿವೆಯೇ? ದಂಟಿನ ಮೇಲ್ಭಾಗದ ಎಲೆಗಳು ತೊಟ್ಟಿಲ್ಲದೆ ಬುಡದಿಂದಲೇ ದಂಟನ್ನು ತಬ್ಬಿಕೊಂಡಿವೆಯೇ? ಹಾಗಿದ್ದರೆ ಅನುಮಾನ ಬೇಡ.

ಈ ಸೊಪ್ಪನ್ನು ನಾನು ಹನ್ನೊಂದು ವರ್ಷಗಳಿಂದ ಬೆಳೆಯುತ್ತಿದ್ದೇನೆ. ಮೊದಲ ವರ್ಷ ನಾನೂ ನಿಮ್ಮಂತೆಯೇ ಗಡ್ಡೆಗೆ ಕಾದೆ. ಹೆಬ್ಬೆರಳಿನ ತುದಿಯಷ್ಟು ದಪ್ಪದ ಹಸಿರು ಮೊಗ್ಗಿನ ಗೊಂಚಲು ಕಂಡಾಗ ‘ಇನ್ನೂ ಎಳೆಯದು, ದೊಡ್ಡದಾಗಲಿ’ ಎಂದುಕೊಂಡು ಮೂರು ದಿನ ಊರಿಗೆ ಹೋದೆ. ಬಂದು ನೋಡಿದರೆ ಇಡೀ ಪಾತಿ ಹಳದಿ. ದಂಟು ಕಡಿದರೆ ಒಳಗೆಲ್ಲ ನಾರು. ಅಂದಿನಿಂದ ಗೊಂಚಲು ಕಾಣಿಸಿಕೊಂಡ ಮೇಲೆ ದಿನ ಬೆಳಗ್ಗೆ ಪಾತಿಯನ್ನು ಸುತ್ತಿ ಬರದೆ ಬೇರೆ ಕೆಲಸ ಹಿಡಿಯುವುದಿಲ್ಲ.

ಕೊಯ್ಯುವ ಜಾಗ ತಿಳಿಯಲು ಉಗುರೇ ಸಾಕು. ಮೊಗ್ಗಿನಿಂದ ಕೆಳಕ್ಕೆ ದಂಟಿನ ಮೇಲೆ ಅಲ್ಲಲ್ಲಿ ಉಗುರು ಒತ್ತುತ್ತಾ ಬನ್ನಿ. ಸಲೀಸಾಗಿ ಇಳಿದು ನೀರು ಒಸರುವವರೆಗೆ ದಂಟು ಎಳೆಯದು. ಉಗುರಿಗೆ ತಡೆ ಸಿಕ್ಕಿತೆಂದರೆ ಅದಕ್ಕಿಂತ ಸ್ವಲ್ಪ ಮೇಲೆ ಕತ್ತರಿಸಿ. ಕೆಳಗೆ ನಾಲ್ಕೈದು ಎಲೆಗಳು ಉಳಿದಿರಲಿ, ಅವುಗಳ ಕಂಕುಳಲ್ಲಿ ಪಕ್ಕದ ಕುಡಿಗಳು ಒಡೆಯುತ್ತವೆ. ಕೊಯ್ದ ದಿನ ಎರೆಹುಳು ಗೊಬ್ಬರ ಒಂದು ಹಿಡಿ ಕೊಟ್ಟು ನೀರುಣಿಸಿ. ಎರಡನೆಯ ಕೊಯ್ಲಿನ ಕುಡಿಗಳು ಸಪೂರವಾಗಿರುತ್ತವೆ, ನನಗೆ ಅವೇ ಹೆಚ್ಚು ಇಷ್ಟ. ಹೂ ಅರಳಿದ ಎರಡು ಗಿಡಗಳ ಎಳೆ ಎಲೆಗಳನ್ನೂ ಬಿಡಿಸಿಕೊಳ್ಳಿ, ಅವೂ ಅಡುಗೆಗೆ ಬರುತ್ತವೆ.

ಮುಂದಿನ ಸಲ ತಳಿಯ ಹೆಸರು ನೋಡಿ ಬೀಜ ತೆಗೆದುಕೊಳ್ಳಿ. ಇಟಲಿಯವರು ಕೊಯ್ಲಿನ ದಿನಗಳನ್ನೇ ಹೆಸರಾಗಿಟ್ಟಿದ್ದಾರೆ: ಕ್ವಾರಂತೀನಾ ಎಂದರೆ 40 ದಿನದ್ದು, ಸೆಸ್ಸಂತೀನಾ 60, ನೊವಂತೀನಾ 90. ಬೇಗ ಬರುವ ತಳಿ ಬೇಗ ಮುಗಿಯುತ್ತದೆ, ಪಕ್ಕದ ಕುಡಿಗಳೂ ಕಡಿಮೆ. ತಂಪು ಕಾಲದಲ್ಲೇ ಬಿತ್ತಬೇಕು. ಬಿಸಿಲೇರಿದರೆ, ಬೇರು ಒಮ್ಮೆ ಒಣಗಿದರೆ, ಸಸಿಯನ್ನು ಕಿತ್ತು ನೆಟ್ಟರೆ ಈ ಗಿಡ ಅವಸರಪಟ್ಟು ಹೂವಿಗೆ ಹೋಗಿಬಿಡುತ್ತದೆ. ಆದ್ದರಿಂದ ಪಾತಿಯಲ್ಲೇ ನೇರವಾಗಿ, ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ, ಸಸಿಗಳ ನಡುವೆ 15 ಸೆಂಟಿಮೀಟರ್ ಉಳಿಯುವಂತೆ ಹೆಚ್ಚಿನವನ್ನು ಕಿತ್ತು ತಿನ್ನಿ. ಪೊಟ್ಟಣವನ್ನು ಒಂದೇ ದಿನ ಖಾಲಿ ಮಾಡದೆ, ಎರಡು ವಾರಕ್ಕೊಮ್ಮೆ ಒಂದೊಂದು ಸಾಲು ಬಿತ್ತಿದರೆ ಎಲ್ಲವೂ ಒಟ್ಟಿಗೆ ಹೂವಾಗುವ ಸಂಕಟವಿರುವುದಿಲ್ಲ.

ಪ್ರಶ್ನೆ: ಸೊಪ್ಪು ಬಹಳ ಕಹಿ. ಬೆಳೆಸುವುದರಲ್ಲಿ ತಪ್ಪಾಗಿದೆಯೇ?

ಉತ್ತರ: ಸ್ವಲ್ಪ ಕಹಿ ಇದರ ಹುಟ್ಟುಗುಣ. ಸಾಸಿವೆಯ ಘಾಟಿಗೆ ಕಾರಣವಾದ ಗ್ಲುಕೋಸಿನೊಲೇಟ್‌ಗಳೇ ಇಲ್ಲೂ ಇವೆ. ಬಿಸಿಲು, ನೀರಿನ ಕೊರತೆಗಳಿಂದ ಕಹಿ ಏರುತ್ತದೆ. ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಿಟ್ಟು ತೆಗೆದರೆ ಬಹಳಷ್ಟು ಇಳಿಯುತ್ತದೆ. ಇಟಲಿಯ ಪುಲಿಯಾ ಪ್ರಾಂತ್ಯದವರು ಪುಟ್ಟ ಕಿವಿಯಾಕಾರದ ಒರೆಕ್ಕಿಯೆತ್ತೆ ಪಾಸ್ತಾವನ್ನು ಇದೇ ಸೊಪ್ಪಿನೊಂದಿಗೆ ಮಾಡುತ್ತಾರೆ. ಕಹಿಯನ್ನು ಪೂರ್ತಿ ತೆಗೆದರೆ ಅವರ ಅಡುಗೆಗೆ ರುಚಿಯೇ ಇರದು. ಒಂದು ಮಾತು ಮಾತ್ರ ಮರೆಯಬೇಡಿ: ಇದರಲ್ಲಿ ವಿಟಮಿನ್ ಕೆ ಹೇರಳವಾಗಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಪ್ರಶ್ನೆ: ಎಳೆ ಸಸಿಗಳ ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂತಹ ತೂತುಗಳು. ಏನು ಸಿಂಪಡಿಸಲಿ?

ಉತ್ತರ: ಕೈ ಆಡಿಸಿದಾಗ ಚಿಟ್ಟನೆ ಹಾರುವ ಪುಟ್ಟ ಕಪ್ಪು ದುಂಬಿಗಳ ಕೆಲಸವಿದು. ಸಿಂಪಡಿಸುವುದಕ್ಕಿಂತ ಬಿತ್ತಿದ ದಿನವೇ ಸಣ್ಣ ಕಣ್ಣಿನ ಬಲೆ ಹೊದಿಸುವುದು ಮೇಲು. ಅಂಚುಗಳ ಮೇಲೆ ಮಣ್ಣು ಎಳೆಯಿರಿ. ಎಲೆಕೋಸು, ಮೂಲಂಗಿ ಬೆಳೆದ ಜಾಗದಲ್ಲಿ ಕನಿಷ್ಠ ಮೂರು ವರ್ಷ ಇದನ್ನು ಬಿತ್ತಬೇಡಿ.

ಪ್ರಶ್ನೆ: ಒಂದು ಗಿಡವನ್ನು ಹೂವಿಗೆ ಬಿಟ್ಟು ಬೀಜ ಮಾಡಿಕೊಳ್ಳಬಹುದೇ?

ಉತ್ತರ: ಒಂದು ಸಾಲದು. ಈ ಗಿಡ ತನ್ನದೇ ಪರಾಗಕ್ಕೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಆರೇಳು ಗಿಡಗಳು ಒಟ್ಟಿಗೆ ಹೂ ಬಿಡಲಿ, ಉಳಿದದ್ದನ್ನು ಜೇನುನೊಣಗಳು ನೋಡಿಕೊಳ್ಳುತ್ತವೆ. ಹತ್ತಿರದಲ್ಲಿ ಟರ್ನಿಪ್ ಅಥವಾ ಚೀನಾ ಎಲೆಕೋಸು ಹೂ ಬಿಟ್ಟಿದ್ದರೆ ತಳಿ ಬೆರೆತುಹೋಗುತ್ತದೆ. ಬ್ರೊಕೋಲಿಯ ಹೂವಿದ್ದರೆ ಆ ಚಿಂತೆ ಇಲ್ಲವೆನ್ನುವಷ್ಟು ಕಡಿಮೆ. ಅದರ ವರ್ಣತಂತುಗಳು (ವಂಶಗುಣ ಹೊತ್ತ ಎಳೆಗಳು) 9 ಜೋಡಿ, ಇದರದ್ದು 10, ಹಾಗಾಗಿ ಎರಡೂ ಸುಲಭವಾಗಿ ಬೆರೆಯವು. ಕಾಯಿಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಇಬ್ಬನಿ ಆರುವ ಮೊದಲೇ ಕೊಯ್ಯಿರಿ, ಇಲ್ಲದಿದ್ದರೆ ಕೈ ತಾಕಿದೊಡನೆ ಕಾಯಿ ಸಿಡಿದು ಬೀಜವೆಲ್ಲ ಮಣ್ಣುಪಾಲಾಗುತ್ತದೆ.