ಎಂಜಿನ್‌ಎಕ್ಸ್ ಮುಂದಿಟ್ಟ ಮೇಲೆ ರೀಡೈರೆಕ್ಟ್ ಲೂಪ್ ಯಾಕೆ?

ಆ್ಯಪ್ ಮುಂದೆ ಎಂಜಿನ್‌ಎಕ್ಸ್ (ಬ್ರೌಸರ್‌ನ ವಿನಂತಿಗಳನ್ನು ಪಡೆದು ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್) ಇಟ್ಟು, ಆ್ಯಪ್‌ನಲ್ಲಿ ‘ಎಚ್‌ಟಿಟಿಪಿಎಸ್ ಮಾತ್ರ’ ಆನ್ ಮಾಡಿದ ಮೇಲೆ ಪುಟ ಸುತ್ತುತ್ತಲೇ ಇದೆ ಅಂದಿದ್ದೀರಿ. ಅದರ ಕಾನ್ಫಿಗ್‌ನಲ್ಲಿ, ವಿನಂತಿಯನ್ನು ಆ್ಯಪ್‌ಗೆ ದಾಟಿಸುವ ಪ್ರಾಕ್ಸಿ_ಪಾಸ್ ಸಾಲು ಒಂದನ್ನೇ ಬರೆದಿದ್ದೀರಿ ಅಲ್ವಾ? ಎನ್‌ಕ್ರಿಪ್ಶನ್ ಎಂಜಿನ್‌ಎಕ್ಸ್‌ನಲ್ಲೇ ಮುಗಿಯುತ್ತದೆ. ಒಳಗಿನ ಆ್ಯಪ್‌ಗೆ ಸಿಗುವುದು ಬರೀ ಎಚ್‌ಟಿಟಿಪಿ. ಅದು ಪಾಪ, ‘ಎಚ್‌ಟಿಟಿಪಿಎಸ್‌ಗೆ ಹೋಗು’ ಅಂತ ಬ್ರೌಸರನ್ನು ಮತ್ತೆ ಮತ್ತೆ ವಾಪಸ್ ಕಳಿಸುತ್ತದೆ.

ಬ್ರೌಸರ್ ಬಂದಿದ್ದು ಎಚ್‌ಟಿಟಿಪಿಎಸ್‌ನಲ್ಲೇ ಅಂತ ಆ್ಯಪ್‌ಗೆ ತಿಳಿಸಲು ಹೆಡರ್ (ವಿನಂತಿಯ ಜೊತೆ ಹೋಗುವ ಮಾಹಿತಿ ಸಾಲು) ಬೇಕು. ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಪ್ರಾಕ್ಸಿ_ಸೆಟ್_ಹೆಡರ್ ಬಳಸಿ ಎಕ್ಸ್-ಫಾರ್ವರ್ಡೆಡ್-ಪ್ರೋಟೊಗೆ $ಸ್ಕೀಮ್, ಹೋಸ್ಟ್‌ಗೆ $ಹೋಸ್ಟ್ ಕೊಡಿ. ಇಷ್ಟೇ ಸಾಲದು. ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರನ್ನು ನಂಬು ಅಂತ ಆ್ಯಪ್‌ಗೂ ಹೇಳಬೇಕು. ಎಕ್ಸ್‌ಪ್ರೆಸ್‌ನಲ್ಲಾದರೆ (ನೋಡ್.ಜೆಎಸ್‌ನ ವೆಬ್ ಫ್ರೇಮ್‌ವರ್ಕ್) ಅದು ‘ಟ್ರಸ್ಟ್ ಪ್ರಾಕ್ಸಿ’ ಸೆಟ್ಟಿಂಗ್. ಜಾಸ್ತಿ ಜನ ಮರೆಯುವುದು ಇದನ್ನೇ.

ಆ್ಯಪನ್ನು 127.0.0.1ಕ್ಕೆ (ಅದೇ ಯಂತ್ರದೊಳಗಿಂದ ಮಾತ್ರ ತಲುಪಬಹುದಾದ ವಿಳಾಸ) ಮಾತ್ರ ಬೈಂಡ್ ಮಾಡಿ. ಅದರ ಪೋರ್ಟ್ ಹೊರಗೆ ತೆರೆದಿದ್ದರೆ ಯಾರು ಬೇಕಾದರೂ ಆ ಹೆಡರನ್ನು ತಾವೇ ಸೇರಿಸಿ ಕಳಿಸಬಹುದು. ಎಂಜಿನ್‌ಎಕ್ಸ್ ರೀಲೋಡ್‌ಗೆ ಮುಂಚೆ, ಕಾನ್ಫಿಗ್ ಸರಿಯಿದೆಯೇ ಅಂತ ಪರೀಕ್ಷಿಸುವ ‘ಎಂಜಿನ್‌ಎಕ್ಸ್ -ಟಿ’ ಓಡಿಸಿ ನೋಡಿ.