ಜರ್ಸಿಗೆ ಬರುವ ಮುನ್ನ ಪಾಸ್‌ಪೋರ್ಟಿನ ಮಾತು

ಮಂಗಳೂರಿನಿಂದ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಜರ್ಸಿ ದ್ವೀಪದ ಆಸ್ಪತ್ರೆಗೆ ನರ್ಸ್ ಆಗಿ ಬರುತ್ತಿದ್ದೀರಿ ಅಂತ ಓದಿ ಖುಷಿಯಾಯಿತು. ‘ಬ್ರೆಕ್ಸಿಟ್ (ಯುಕೆ ಯುರೋಪಿಯನ್ ಯೂನಿಯನ್ ಬಿಟ್ಟು ಹೊರಬಂದದ್ದು) ಆದಮೇಲೆ ಈ ದ್ವೀಪದವರ ಪಾಸ್‌ಪೋರ್ಟೇ ನಡೆಯುವುದಿಲ್ಲವಂತೆ, ನಿಜವಾ? ನನ್ನ ಭಾರತದ ಪಾಸ್‌ಪೋರ್ಟ್ ಸಾಕಾ, ಮುಂದೆ ಅಲ್ಲಿನದನ್ನೇ ಮಾಡಿಸಿಕೊಳ್ಳಬೇಕಾ?’ ಇದು ನಿಮ್ಮ ಪ್ರಶ್ನೆ.

ನಡೆಯುವುದಿಲ್ಲ ಅನ್ನುವುದು ಸುಳ್ಳು. ಬ್ರೆಕ್ಸಿಟ್ ಯಾರ ಪಾಸ್‌ಪೋರ್ಟನ್ನೂ ರದ್ದು ಮಾಡಲಿಲ್ಲ. ಹಳೆಯ ಕೆಂಪು ಪುಸ್ತಕ ಇಟ್ಟುಕೊಂಡವರು ಇನ್ನೂ ಇದ್ದಾರೆ. ಆದರೆ ಅದನ್ನು ಹಿಡಿದು ಫ್ರಾನ್ಸ್‌ಗೆ ಹೋಗುವ ನಿಯಮ ಬದಲಾಗಿದೆ. ಗೊಂದಲ ಎಲ್ಲ ಅಲ್ಲಿಂದಲೇ ಹುಟ್ಟಿದ್ದು.

ಜರ್ಸಿ ಯುಕೆಯ ಭಾಗವಲ್ಲ. ಬ್ರಿಟನ್ನಿನ ದೊರೆಗೆ ಸೇರಿದ, ಸ್ವಂತ ಸರ್ಕಾರ ಇರುವ ದ್ವೀಪ. ಯುರೋಪಿಯನ್ ಯೂನಿಯನ್ನಿನೊಳಗೂ ಅದು ಯಾವತ್ತೂ ಇರಲಿಲ್ಲ. ಆದರೆ ಜರ್ಸಿ ಪೌರತ್ವ ಅಂತ ಬೇರೆ ಇಲ್ಲ, ಇಲ್ಲಿನವರು ಬ್ರಿಟಿಷ್ ಪ್ರಜೆಗಳೇ. ಹಾಗಾಗಿ ಹಿಂದೆ ಒಂದು ವಿಚಿತ್ರ ಇತ್ತು. ಜರ್ಸಿಯಲ್ಲೇ ಹುಟ್ಟಿದವರ ತಂದೆ ತಾಯಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರೂ ಯುಕೆಯಲ್ಲಿ ಹುಟ್ಟಿರದಿದ್ದರೆ, ತಾವೂ ಅಲ್ಲಿ ಐದು ವರ್ಷ ವಾಸ ಮಾಡಿರದಿದ್ದರೆ, ಅವರ ಪಾಸ್‌ಪೋರ್ಟಿನಲ್ಲಿ ಒಂದು ಸಾಲು ಬೀಳುತ್ತಿತ್ತು: ಯುರೋಪಿನಲ್ಲಿ ಕೆಲಸ ಮಾಡಿ ನೆಲೆಸುವ ಹಕ್ಕು ಇವರಿಗಿಲ್ಲ. 22 ಕಿಲೋಮೀಟರ್ ದೂರದಲ್ಲಿ ಫ್ರಾನ್ಸ್, ಆದರೂ ಹಕ್ಕು ಮಾತ್ರ ಯುಕೆಯಲ್ಲಿ ಹುಟ್ಟಿದ ಅಜ್ಜ ಇದ್ದ ಪಕ್ಕದ ಮನೆಯವರಿಗೆ! 2020ರ ಡಿಸೆಂಬರ್ 31ಕ್ಕೆ ಆ ಭೇದ ಮುಗಿಯಿತು. ಈಗ ಯಾವ ಬ್ರಿಟಿಷ್ ಪಾಸ್‌ಪೋರ್ಟಿಗೂ ಆ ಹಕ್ಕು ಇಲ್ಲ.

ಜನ ನಿಜವಾಗಿ ಎಡವುವುದು ದಿನಾಂಕದಲ್ಲಿ. ಯುರೋಪಿಗೆ ಕಾಲಿಡುವ ದಿನ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಆಗಿರಬಾರದು. ವಾಪಸ್ ಹೊರಡುವ ದಿನದ ನಂತರವೂ ಮೂರು ತಿಂಗಳು ಅವಧಿ ಉಳಿದಿರಬೇಕು. 2018ರ ಸೆಪ್ಟೆಂಬರ್‌ವರೆಗೆ ಬ್ರಿಟಿಷ್ ಪಾಸ್‌ಪೋರ್ಟ್ ನವೀಕರಿಸಿದರೆ ಹಳೆಯದರಲ್ಲಿ ಉಳಿದಿದ್ದ ತಿಂಗಳುಗಳನ್ನು, ಒಂಬತ್ತರವರೆಗೂ, ಹೊಸದಕ್ಕೆ ಸೇರಿಸುತ್ತಿದ್ದರು. ಅಂದರೆ 2017ರ ಜೂನ್‌ನಲ್ಲಿ ಕೊಟ್ಟ ಪುಸ್ತಕದ ಮೇಲೆ 2028ರ ಮಾರ್ಚ್ ಅಂತ ಇರಬಹುದು. ಆದರೆ 2027ರ ಜೂನ್ ದಾಟಿದ ಮೇಲೆ ಅದು ಫ್ರಾನ್ಸ್‌ಗೆ ಆಗುವುದಿಲ್ಲ. ಮುಗಿಯುವ ದಿನ ಮಾತ್ರ ನೋಡಿದವರಿಗೆ ಫ್ರಾನ್ಸ್‌ನ ಸೇಂಟ್ ಮಾಲೋ ಬಂದರಿಗೆ ಹೋಗುವ ಹಡಗು ತಪ್ಪುತ್ತದೆ. ಹೋದರೂ ಅಲ್ಲಿ ಇರಬಹುದಾದದ್ದು 180 ದಿನಗಳಲ್ಲಿ 90 ದಿನ ಅಷ್ಟೆ.

ಪೋರ್ಚುಗಲ್‌ನ ಮಡೇರಾ ದ್ವೀಪದಿಂದ ಇಲ್ಲಿಗೆ ಬಂದು ನೆಲೆಸಿದವರನ್ನು ನೋಡಿ. ಹೋಟೆಲು, ಹೊಲ ಎಲ್ಲ ಕಡೆ ದುಡಿದವರು. ಅವರ ಪಾಸ್‌ಪೋರ್ಟಿಗೆ ಏನೂ ಆಗಲಿಲ್ಲ, ಆದರೆ ಇಲ್ಲಿ ಇರುವ ಹಕ್ಕಿಗೆ ಬೇರೆಯೇ ಅರ್ಜಿ ಹಾಕಬೇಕಾಯಿತು. ವರ್ಷಗಟ್ಟಲೆ ಇದ್ದವರೂ ಹಾಕಬೇಕಾಯಿತು. ನನಗೆ ಅದು ಈಗಲೂ ಬೇಸರದ ವಿಷಯ.

ಇನ್ನು ನಿಮ್ಮದು. ಬ್ರೆಕ್ಸಿಟ್‌ನಿಂದ ಭಾರತದ ಪಾಸ್‌ಪೋರ್ಟಿಗೆ ಏನೂ ವ್ಯತ್ಯಾಸವಿಲ್ಲ. ಫ್ರಾನ್ಸ್‌ಗೆ ಮೊದಲೂ ಷೆಂಗೆನ್ ವೀಸಾ (ಯುರೋಪಿನ ಬಹಳಷ್ಟು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕಿತ್ತು, ಈಗಲೂ ಬೇಕು. ಒಂದು ದಿನ ಸುಮ್ನೆ ಹೋಗಿ ಬರುತ್ತೇನೆ ಅಂದರೂ ಬೇಕು. ಅವಧಿ ಕಡಿಮೆ ಉಳಿದಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ನವೀಕರಿಸಿಕೊಂಡು ಬನ್ನಿ. ಈ ಕೆಲಸ ಇಲ್ಲಿಂದ ಮಾಡಿಸುವುದು ಜಾಸ್ತಿ ತಲೆನೋವು.

ಬ್ರಿಟಿಷ್ ಪಾಸ್‌ಪೋರ್ಟಿಗೆ ಈಗಲೇ ಆಸೆಪಡಬೇಡಿ. ಅದರ ಅರ್ಹತೆ ಬರಲು ವರ್ಷಗಳು ಬೇಕು. ಬಂದಾಗಲೂ ಮನೆಯವರ ಜೊತೆ ಕೂತು ಯೋಚಿಸಿ, ಯಾಕೆಂದರೆ ನಮ್ಮಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಬ್ರಿಟಿಷ್ ಪೌರತ್ವ ಸಿಕ್ಕ ದಿನವೇ ಭಾರತದ್ದು ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಎಷ್ಟೇ ವರ್ಷ ಉಳಿದಿದ್ದರೂ ಅದನ್ನು ಬಳಸುವಂತಿಲ್ಲ, ಒಪ್ಪಿಸಬೇಕು. ಓಸಿಐ ಕಾರ್ಡ್ (ವಿದೇಶಿ ಪೌರತ್ವ ಇರುವ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಇದ್ದರೆ ಊರಿಗೆ ಬಂದು ಹೋಗಬಹುದು, ಆದರೆ ವೋಟು ಇಲ್ಲ. ಊರಲ್ಲಿ ಅಡಿಕೆ ತೋಟ ಕೊಳ್ಳುವ ಕನಸಿದ್ದರೆ ಅದಕ್ಕೂ ಅವಕಾಶ ಇಲ್ಲ.

ಸದ್ಯಕ್ಕೆ ನಿಮಗೆ ಪಾಸ್‌ಪೋರ್ಟಿಗಿಂತ ಮುಖ್ಯವಾದದ್ದು ಜರ್ಸಿಯ ನೋಂದಣಿ ಕಾರ್ಡ್, ಅಂದರೆ ಇಲ್ಲಿ ಕೆಲಸಕ್ಕೂ ಮನೆಗೂ ನಿಮಗಿರುವ ಹಕ್ಕನ್ನು ತೋರಿಸುವ ಕಾರ್ಡ್. ಅದರಲ್ಲಿ ‘ಲೈಸೆನ್ಸ್ಡ್’ ಅಂತ ಇದ್ದರೆ ಬಾಡಿಗೆ ಮನೆಗೆ ಆಯ್ಕೆ ತುಂಬಾ, ‘ರಿಜಿಸ್ಟರ್ಡ್’ ಅಂತ ಇದ್ದರೆ ಕಡಿಮೆ. ಯಾವುದು ಕೊಡಿಸುತ್ತಾರೆ ಅಂತ ಆಸ್ಪತ್ರೆಯವರನ್ನು ಕೇಳಿ, ಬರಹದಲ್ಲಿ ಉತ್ತರ ತಗೊಂಡು, ಆಮೇಲೆ ಸಹಿ ಹಾಕಿ.